ಹನ್ನೆರಡರಲ್ಲಿ ಒಬ್ಬ

ಪವಿತ್ರ ಗುರುವಾರ, ಸಂಜೆ ನಾಲ್ಕಕ್ಕೇ
ಬಚ್ಚಲಲ್ಲಿ ಕೂತು ಕಾಲು ಉಜ್ಜಿಕೊಂಡೆ.
ಮೊದಲು ಸೋಪು, ಆಮೇಲೆ ಕಲ್ಲು,
ಹಿಮ್ಮಡಿಯ ಬಿರುಕಿಗೆ ಇಳಿದಿದ್ದ ಆಟೋ ಗ್ರೀಸಿಗೆ
ಸೀಮೆಎಣ್ಣೆ ಅದ್ದಿದ ಚಿಂದಿ.
ಉಗುರು ಕತ್ತರಿಸಿದೆ. ಹೆಂಡತಿಯ ಪೌಡರು, ಒಂದು ಚಿಟಿಕೆ.
ಈ ಸಲ ಹನ್ನೆರಡು ಜನರಲ್ಲಿ ನಾನೂ ಒಬ್ಬ.

ಬಲಿಪೀಠದ ಮುಂದೆ ಬೆಂಚು,
ಬೆಂಚಿನ ಕೆಳಗೆ ಹನ್ನೆರಡು ಬಲಗಾಲು.
ಬ್ಯಾಂಕಿನ ಅರುಳಪ್ಪನದು, ದೇವಸಹಾಯಂ ಮೇಸ್ಟ್ರದು,
ಎಲ್ಲವೂ ಮದುವೆಗೆ ಹೊರಟ ಹಾಗೆ.
ಸ್ವಾಮಿಗಳು ಮಂಡಿಯೂರಿ ಹೂಜಿ ಬಗ್ಗಿಸಿದರು,
ಒರೆಸಿದರು, ಮುತ್ತಿಟ್ಟರು.
ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.
ಅವರ ತುಟಿಗೆ ಪೌಡರು ಹತ್ತಿದ್ದೂ ಕಂಡಿತು.

ಟವೆಲು ಒಗೆಯುವ ಪಾಳಿ ನಮ್ಮ ಮನೆಯದು.
ಶುಕ್ರವಾರ ನೀರಿಗೆ ಹಾಕುವಂತಿಲ್ಲ.
ಶನಿವಾರ ಬೆಳಿಗ್ಗೆ ಅವ್ವ ಒಂದೊಂದನ್ನೂ
ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು, ಮೂಸಿದಳು.
‘ಕೊಳೆ ಎಲ್ಲಪ್ಪಾ ಇನ್ನಾಸಿ?
ತೊಳ್ಕೊಂಡೇ ಹೋಗಿದ್ರಾ ಎಲ್ರೂವೆ?’

ಮೂವತ್ತೊಂದು ವರ್ಷ ಮಿಷನ್ ಆಸ್ಪತ್ರೆಯಲ್ಲಿ ಆಯಾ.
ಜಪಮಾಲೆಯಮ್ಮನಿಗೆ ರೋಗಿಗಳ ಮುಖ ನೆನಪಿಲ್ಲ,
ಕಾಲು ನೆನಪು.
ಕಬ್ಬಿನ ಗರಿ ಕುಯ್ದ ಕಾಲು, ಪಾಂಡವಪುರದ್ದು.
ರೇಸಿನ ಕುದುರೆ ತುಳಿದ ಕಾಲು.
ಗಂಡ ಕೆಂಡ ಇಟ್ಟ ಕಾಲು, ಅದಕ್ಕೆ ಹತ್ತೊಂಬತ್ತು ವರ್ಷ.
ಒಂಬತ್ತನೇ ಮಂಚದ ಸಕ್ಕರೆ ಕಾಯಿಲೆಯ ಕಾಲು.

ಆ ಒಂಬತ್ತನೇ ಮಂಚ ಬೋರಲಿಂಗಯ್ಯನವರದು.
ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ
ಪಡುವಾರಹಳ್ಳಿಯ ಅವರ ವಠಾರದಲ್ಲಿ ಬಾಡಿಗೆಗಿದ್ದೆವು,
ಹದಿನೇಳು ದಿನ.
ಗೋಡೆಯ ಮೇಲೆ ಶಿಲುಬೆ ಕಂಡ ಸಂಜೆ
ಪಾತ್ರೆಗಳೆಲ್ಲ ಬೀದಿಗೆ ಬಿದ್ದವು.
ಅನ್ನದ ತಪ್ಪಲೆ ಉರುಳುತ್ತಾ ಉರುಳುತ್ತಾ
ಮೋರಿಯವರೆಗೂ ಹೋಯಿತು.
ಅಪ್ಪ ಬಗ್ಗಲಿಲ್ಲ. ಅವ್ವ ಬಗ್ಗಿ ಎತ್ತಿಕೊಂಡಳು.

ಇಪ್ಪತ್ತು ದಿನ ಆ ಕಾಲು ತೊಳೆದಳಂತೆ,
ಹುಳ ಆರಿಸಿ, ಕೀವು ಹಿಂಡಿ, ಬೆರಳ ಸಂದಿ ಒರೆಸಿ.
ಅವರಿಗೆ ಗುರುತು ಹತ್ತಲಿಲ್ಲ.
ಕಡೆಯವರೆಗೂ ‘ಏ ಆಯಾ’ ಅಂತಲೇ ಕರೆದರು.
ಎಷ್ಟೋ ವರ್ಷದ ಮೇಲೆ ಇದನ್ನು ಕೇಳಿ
ನಾನು ಹಲ್ಲು ಕಡಿದೆ:
ಯಾಕೆ ಹೇಳಲಿಲ್ಲ? ಒಂದೇ ಒಂದು ಮಾತು,
ಇಂಥವಳು ನಾನು ಅಂತ?

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.
‘ಹೇಳ್ತಾ ಕೂತಿದ್ರೆ ನೀರು ತಣ್ಣಗಾಗೋದು ಕಣ್ಲಾ.’

ಉಪದೇಶಿ ಕಲಿಸಿದ ಪ್ರಶ್ನೋತ್ತರ ಈಗಲೂ ಬಾಯಿಪಾಠ.
ಆಟೋದ ಗಾಜಿನ ಮೇಲೆ ‘ಯೇಸುವೇ ನನ್ನ ದಾರಿ’,
ಕೊರಳಲ್ಲಿ ದೋರನಹಳ್ಳಿಯಿಂದ ತಂದ ಪದಕ.
ನೀನು ಯಾರು ಅಂದರೆ ಕ್ರೈಸ್ತ ಅನ್ನುತ್ತಿದ್ದೆ, ಎದೆ ಉಬ್ಬಿಸಿ.
ಈಗ ಆ ಮಾತು ಬಾಯಿಗೆ ಬರುವ ಮೊದಲು
ಕಣ್ಣಿಗೆ ಬರುವುದು
ಒಂದು ಬೇಸಿನ್ನು, ಹಬೆಯಾಡುವ ನೀರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ,
ಆ ಗುರುವಾರ ರಾತ್ರಿ ಪೂಜೆ ಮುಗಿಸಿ ಬರುವಾಗ
ಫೌಂಟನ್ ಸರ್ಕಲ್ಲಿನಲ್ಲಿ ಒಬ್ಬ ಕೈ ಅಡ್ಡ ಹಾಕಿದ.
ಬೋರಲಿಂಗಯ್ಯನ ಮಗ. ಅದೇ ಮೂಗು, ಅದೇ ಹುಬ್ಬು.
ಪಕ್ಕದಲ್ಲಿ ಹೆಂಡತಿ, ಅವಳ ತೋಳಿನಲ್ಲಿ
ಕಂಬಳಿ ಸುತ್ತಿದ ಮಗು, ಏಪ್ರಿಲ್ ತಿಂಗಳ ಸೆಕೆಯಲ್ಲಿ ಕಂಬಳಿ.
ಸೀಟು ಖಾಲಿಯಿತ್ತು. ಆಸ್ಪತ್ರೆ ನನ್ನ ದಾರಿಯಲ್ಲೇ ಇತ್ತು.
ನಾನು ಗೇರು ಬದಲಿಸಿದೆ.

ಕಾಲಿಂದ ಪೌಡರಿನ ವಾಸನೆ ಇನ್ನೂ ಹೋಗಿರಲಿಲ್ಲ.

ಶನಿವಾರ ಅವ್ವ ಟವೆಲನ್ನು ಬಿಸಿಲಿಗೆ ಹಿಡಿದು
ಕೊಳೆ ಹುಡುಕುತ್ತಿದ್ದಾಗ
ನಾನೂ ಏನೂ ಹೇಳಲಿಲ್ಲ.